ಅಂಗಡಿ ಗೋಡೆಯಾಚೆಗೇ ಇದೆ, ಕೊತ್ತಂಬರಿ ಸೊಪ್ಪಿಗೆ ಅರ್ಧ ಗಂಟೆ ಯಾಕೆ?

ಪ್ರಶ್ನೆ: ನಾವು ಹದಿನಾರು ವರ್ಷ ಬಸವನಗುಡಿಯಲ್ಲಿ ಬಾಡಿಗೆಗೆ ಇದ್ದೆವು. ಒಗ್ಗರಣೆಗೆ ಎಣ್ಣೆ ಇಟ್ಟ ಮೇಲೆ ಕರಿಬೇವು ಇಲ್ಲ ಅಂತ ನೆನಪಾದರೂ ಉರಿ ಆರಿಸಿ, ಹೋಗಿ ತಂದುಬಿಡುತ್ತಿದ್ದೆ. ಹೋದ ವರ್ಷ ಸರ್ಜಾಪುರ ರಸ್ತೆ ಕಡೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ಬಂದೆವು. ಹನ್ನೊಂದನೇ ಮಹಡಿ. ಬಾಲ್ಕನಿಯಲ್ಲಿ ನಿಂತರೆ ಹಿಂದಿನ ಗೋಡೆಯಾಚೆ ಹಳ್ಳಿಯ ಬೀದಿ, ಅಲ್ಲಿನ ಅಂಗಡಿ ಎಲ್ಲಾ ಕಾಣುತ್ತೆ. ಮ್ಯಾಪಿನಲ್ಲಿ ಗೆರೆ ಎಳೆದು ನೋಡಿದರೆ 250 ಮೀಟರ್. ಆದರೆ ನಮ್ಮ ಗೇಟು ಇರುವುದು ಮುಂದಿನ ದೊಡ್ಡ ರಸ್ತೆಗೆ. ಸುತ್ತಿ ಹೋಗಿ ಬರುವಷ್ಟರಲ್ಲಿ ಅರ್ಧ ಗಂಟೆ ದಾಟುತ್ತದೆ. ಕಾಂಪೌಂಡಿನ ಒಳಗೊಂದು ಮಿನಿ ಸೂಪರ್ ಮಾರ್ಕೆಟ್ ಇದೆ. ಅಲ್ಲಿ ಹತ್ತು ಥರ ಐಸ್‌ಕ್ರೀಮ್ ಸಿಗುತ್ತೆ, ಸೊಪ್ಪು ಸಿಗಲ್ಲ. ನಮ್ಮ ಅತ್ತೆಗೆ 72. ಅಲ್ಲಿ ದಿನಾ ಅಂಗಡಿಗೆ ಹೋಗುತ್ತಿದ್ದವರು ಇಲ್ಲಿ ಗೇಟು ದಾಟಿಲ್ಲ. ಮನೆಯವರು ‘ಆ್ಯಪ್ ಇದೆಯಲ್ಲ, ಹತ್ತು ನಿಮಿಷಕ್ಕೆ ತಂದುಕೊಡ್ತಾರೆ’ ಅಂತಾರೆ. ಮುಂದಿನ ವರ್ಷ ಸ್ವಂತ ಫ್ಲ್ಯಾಟ್ ಕೊಳ್ಳಬೇಕು ಅಂತಿದ್ದೇವೆ. ಇದು ಸುಮ್ನೆ ನನ್ನ ಮರೆವಿನ ಸಮಸ್ಯೆಯಾ? ಇಲ್ಲ ಅಂದರೆ, ಮನೆ ನೋಡುವಾಗ ಇದನ್ನು ಅಳೆಯುವುದು ಹೇಗೆ?

ಉತ್ತರ: ಮರೆವು ಎಲ್ಲರಿಗೂ ಇದೆ. ಬಸವನಗುಡಿಯಲ್ಲಿದ್ದಾಗಲೂ ನೀವು ಇಷ್ಟೇ ಮರೆಯುತ್ತಿದ್ದಿರಿ. ಆಗ ಮರೆವಿಗೆ ಬೆಲೆ ಐದು ನಿಮಿಷ, ಈಗ ಮೂವತ್ತೈದು. ಬೆಲೆ ಏರಿದ್ದಕ್ಕೆ ಕಾರಣ ನಿಮ್ಮ ತಲೆಯೊಳಗಿಲ್ಲ. ಹಿಂದಿನ ಗೋಡೆಯಲ್ಲಿದೆ.

ನಾನು ನಗರ ಯೋಜನೆಯ ಕೆಲಸ ಮಾಡುವವನು. ಸಭೆಗಳಲ್ಲಿ ಜನ ನನ್ನನ್ನು ಮೆಟ್ರೋ ಬಗ್ಗೆ, ಫ್ಲೈಓವರ್ ಬಗ್ಗೆ ಕೇಳುತ್ತಾರೆ. ಕೊತ್ತಂಬರಿ ಸೊಪ್ಪಿನ ಬಗ್ಗೆ ಯಾರೂ ಕೇಳಲ್ಲ. ಆದರೆ ಒಂದು ಬಡಾವಣೆ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಗೊತ್ತಿಲ್ಲ. ಮೆಟ್ರೋ ಹತ್ತುವುದು ದಿನಕ್ಕೆ ಎರಡು ಸಲ. ಅಡುಗೆಮನೆಯಲ್ಲಿ ‘ಅಯ್ಯೋ, ಹುಣಸೆಹಣ್ಣು ಇಲ್ವಲ್ಲ’ ಅನ್ನುವುದಕ್ಕೆ ಲೆಕ್ಕವೇ ಇಲ್ಲ.

ಮೊದಲು ನಿಮ್ಮ ಮೂವತ್ತೈದು ನಿಮಿಷ ಎಲ್ಲಿ ಹೋಯಿತು ನೋಡೋಣ. ದೂರದ ಬಗ್ಗೆ ಮಾತಾಡುವಾಗ ನಮ್ಮಲ್ಲಿ ದೊಡ್ಡ ಮೋಸ ಒಂದು ನಡೆಯುತ್ತದೆ. ಬ್ರೋಕರ್ ಹೇಳುವುದು, ಬ್ರೋಷರ್‌ನಲ್ಲಿ ಅಚ್ಚಾಗುವುದು, ಮ್ಯಾಪಿನಲ್ಲಿ ಬೆರಳಿಟ್ಟು ತೋರಿಸುವುದು, ಎಲ್ಲವೂ ಕಾಗೆ ಹಾರುವ ದೂರ, ಅಂದರೆ ನೇರ ಗೆರೆಯ ದೂರ. ನಾವು ಕಾಗೆಗಳಲ್ಲ. ಜಪಾನಿನಲ್ಲಿ ಮನೆ ಮಾರಾಟದ ಜಾಹೀರಾತಿಗೆ ಇದರ ಬಗ್ಗೆ ನಿಯಮವೇ ಇದೆ. ‘ನಡೆದು ಇಷ್ಟು ನಿಮಿಷ’ ಎಂದು ಹಾಕಬೇಕಾದರೆ ದಾರಿಯ ಉದ್ದವನ್ನೇ ಅಳೆಯಬೇಕು. 80 ಮೀಟರಿಗೆ ಒಂದು ನಿಮಿಷ. ಕೊನೆಗೆ ಹತ್ತು ಮೀಟರ್ ಉಳಿದರೂ ಅದಕ್ಕೊಂದು ಪೂರ್ತಿ ನಿಮಿಷ ಸೇರಿಸಬೇಕು. 2022ರಲ್ಲಿ ಆ ನಿಯಮವನ್ನು ಇನ್ನೂ ಬಿಗಿ ಮಾಡಿ, ಅಪಾರ್ಟ್‌ಮೆಂಟ್ ಆದರೆ ಕಟ್ಟಡದ ಬಾಗಿಲಿಂದಲೇ ಎಣಿಸಬೇಕು ಎಂದರು. ಅದಕ್ಕೆ ಮೊದಲು ಜಾಗದ ಅಂಚಿನಿಂದ ಎಣಿಸಿದರೂ ನಡೆಯುತ್ತಿತ್ತು. ದೊಡ್ಡ ಕಾಂಪೌಂಡಿನಲ್ಲಿ ಅಂಚಿಗೂ ಬಾಗಿಲಿಗೂ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಅದೇ ಲೆಕ್ಕ ನಿಮಗೆ ಹಾಕುತ್ತೇನೆ. ನಿಮ್ಮ ಟವರ್ ಹಿಂದಿನ ಗೋಡೆಯ ಹತ್ತಿರ. ಅಲ್ಲಿಂದ ಮುಂದಿನ ಗೇಟಿಗೆ ಸುಮಾರು 300 ಮೀಟರ್ ಅಂದುಕೊಳ್ಳೋಣ. ಗೇಟಿನಿಂದ ದೊಡ್ಡ ರಸ್ತೆಯ ಪಕ್ಕದಲ್ಲೇ ಹಳ್ಳಿಯ ತಿರುವಿನ ತನಕ 250. ತಿರುಗಿ ಒಳಗೆ ಅಂಗಡಿ ತನಕ 350. ಒಟ್ಟು 900 ಮೀಟರ್, ಅಂದರೆ ಹನ್ನೆರಡು ನಿಮಿಷ. ಬರುವಾಗ ಇನ್ನೊಂದು ಹನ್ನೆರಡು. ಸಂಜೆ ಏಳು ಗಂಟೆಗೆ ಹನ್ನೊಂದನೇ ಮಹಡಿಗೆ ಲಿಫ್ಟ್ ಬರಲು, ಇಳಿಯಲು, ಮತ್ತೆ ಹತ್ತಲು ಐದು ನಿಮಿಷ ಬೇಕೇ ಬೇಕು. ಅಂಗಡಿಯಲ್ಲಿ ನಿಮಗಿಂತ ಮುಂದೆ ಇಬ್ಬರಿದ್ದರೆ, ಚಿಲ್ಲರೆ ಹುಡುಕಿದರೆ, ಐದಾರು ನಿಮಿಷ. ಮೂವತ್ತೈದು ಆಯಿತಲ್ಲ. 250 ಮೀಟರಿನ ಅಂಗಡಿಗೆ 900 ಮೀಟರ್ ನಡೆಯುತ್ತಿದ್ದೀರಿ. ಮೂರೂವರೆ ಪಟ್ಟಿಗೂ ಜಾಸ್ತಿ.

ಬಸವನಗುಡಿಯಲ್ಲಿ ಈ ಪಟ್ಟು ಎಷ್ಟಿತ್ತು? ಅಲ್ಲಿನ ಅಡ್ರೆಸ್ ಹೇಗೆ ಬರೆಯುತ್ತಿದ್ದಿರಿ, ನೆನಪು ಮಾಡಿಕೊಳ್ಳಿ. ಇಷ್ಟನೇ ಮೇನ್, ಇಷ್ಟನೇ ಕ್ರಾಸ್. ಬೆಂಗಳೂರಿನ ಹಳೇ ಬಡಾವಣೆಗಳ ಪೂರ್ತಿ ಗುಟ್ಟು ಆ ಎರಡು ಪದದಲ್ಲೇ ಇದೆ. 1898ರಲ್ಲಿ ಊರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಅನ್ನುವ ಒತ್ತಡ ಹುಟ್ಟಿತು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಕಾಲದಲ್ಲಿ. ಗಾಳಿ ಬೆಳಕು ಬರಲಿ ಅಂತ ನೇರ ರಸ್ತೆಗಳು, ಅವಕ್ಕೆ ಅಡ್ಡ ರಸ್ತೆಗಳು, ಚೌಕಳಿ ಹಾಕಿದ ಹಾಗೆ. ಯೋಚಿಸಿದ್ದು ರೋಗದ ಬಗ್ಗೆ. ಸಿಕ್ಕಿದ್ದು ಇನ್ನೂ ಒಂದು ಲಾಭ, ಎಲ್ಲಿಂದ ಎಲ್ಲಿಗೆ ಹೋದರೂ ದೊಡ್ಡ ಸುತ್ತು ಬೀಳದಿರುವುದು. ಚೌಕಳಿ ರಸ್ತೆಗಳಲ್ಲಿ ನಡೆಯುವ ದೂರ ಕಾಗೆ ಹಾರುವ ದೂರಕ್ಕಿಂತ ಸರಾಸರಿ ಕಾಲು ಭಾಗದಷ್ಟೇ ಜಾಸ್ತಿ. ಎಷ್ಟೇ ಕೆಟ್ಟದ್ದು ಅಂದರೂ ಒಂದೂವರೆ ಪಟ್ಟು ದಾಟಲ್ಲ.

ಅದಕ್ಕಿಂತ ಮುಖ್ಯವಾದದ್ದು ಮೂಲೆ. ಮೇನಿಗೆ ಕ್ರಾಸ್ ಸೇರುವ ಪ್ರತಿ ಜಾಗದಲ್ಲೂ ನಾಲ್ಕು ಮೂಲೆ ಸೈಟುಗಳು. ಎರಡು ಕಡೆಗೆ ಮುಖ ಇರುವ ಜಾಗ ಅಂಗಡಿಗೆ ಹೇಳಿ ಮಾಡಿಸಿದ್ದು. ನೀವು ಹೋಗುತ್ತಿದ್ದ ಅಂಗಡಿ ಮೂಲೆಯಲ್ಲೇ ಇದ್ದಿರಬೇಕು. ಪಂದ್ಯ ಕಟ್ಟುವ ಅಭ್ಯಾಸ ನನಗಿಲ್ಲ, ಆದರೆ ಇದಕ್ಕೆ ಕಟ್ಟುತ್ತೇನೆ.

ಈಗ ಸ್ವಲ್ಪ ಅಂಗಡಿಯವರ ಕಡೆ ನಿಂತು ನೋಡಿ. ಎಲ್ಲರೂ ‘ಅಂಗಡಿ ಯಾಕೆ ದೂರ’ ಅಂತ ಕೇಳುತ್ತಾರೆ. ‘ಅಂಗಡಿ ಯಾಕೆ ಬರಲಿಲ್ಲ’ ಅಂತ ಕೇಳುವವರು ಕಡಿಮೆ. ಕೈಯಲ್ಲಿ ಚೀಲ ಹಿಡಿದು ಜನ ನಡೆದು ಬರುವ ದೂರ ಸುಮಾರು 400 ಮೀಟರ್ ಅಂತ ಇಟ್ಟುಕೊಳ್ಳೋಣ. ಐದು ನಿಮಿಷ. ಅಂಗಡಿಯ ಸುತ್ತ ಎಲ್ಲ ದಿಕ್ಕಿಗೂ ನೇರವಾಗಿ ನಡೆಯಲು ಆಗುವುದಾದರೆ ಅಷ್ಟು ದೂರದೊಳಗೆ 124 ಎಕರೆ ಬರುತ್ತದೆ. ಆ 124 ಎಕರೆಯ ಮನೆಗಳೆಲ್ಲ ಅಂಗಡಿಯ ಗಿರಾಕಿಗಳು. ಬಸವನಗುಡಿಯಂಥ ಚೌಕಳಿಯಲ್ಲಿ ಅದು ಸುಮಾರು 79 ಎಕರೆಗೆ ಇಳಿಯುತ್ತದೆ. ಪರವಾಗಿಲ್ಲ. ಆದರೆ ಎಲ್ಲ ಕಡೆಯೂ ನಿಮ್ಮ ಥರದ ಮೂರೂವರೆ ಪಟ್ಟು ಸುತ್ತು ಇದ್ದರೆ? ಬರೀ 10 ಎಕರೆ. ದೂರ ಮೂರೂವರೆ ಪಟ್ಟು ಆದಾಗ ಗಿರಾಕಿಗಳು ಮೂರೂವರೆ ಪಟ್ಟು ಕಡಿಮೆಯಾಗಲ್ಲ, ಹನ್ನೆರಡು ಪಟ್ಟು ಕಡಿಮೆಯಾಗುತ್ತಾರೆ. ಹೀಗಾಗಿ ಗೋಡೆ ನಿಮ್ಮನ್ನು ನಡೆಸುತ್ತದೆ, ಜೊತೆಗೆ ಹತ್ತಿರ ಬರಬೇಕಾಗಿದ್ದ ಅಂಗಡಿಯನ್ನೂ ಬರದ ಹಾಗೆ ಮಾಡುತ್ತದೆ. ಇಡೀ ಉತ್ತರದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ.

‘ನಮ್ಮ ಕಾಂಪೌಂಡಿನಲ್ಲೇ ಸಾವಿರ ಮನೆ ಇದೆಯಲ್ಲ, ಒಳಗಿನ ಅಂಗಡಿಗೆ ಸಾಲದಾ’ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ದಿನಸಿ ಅಂಗಡಿ ಬದುಕುವುದು ಎರಡು ಥರದ ಜನರಿಂದ. ಒಂದು, ಹತ್ತಿರದ ಮನೆಯವರು. ಇನ್ನೊಂದು, ಸುಮ್ನೆ ದಾರಿಯಲ್ಲಿ ಹೋಗುವವರು. ಬಸ್ಸಿಳಿದು ಬರುವವರು, ಟ್ಯೂಷನ್ ಮಕ್ಕಳು, ಆಟೋದವರು, ದೇವಸ್ಥಾನಕ್ಕೆ ಹೋಗುವವರು. ಒಳಗಿನ ಅಂಗಡಿಗೆ ಈ ಎರಡನೇ ಥರದವರು ಒಬ್ಬರೂ ಇಲ್ಲ. ಬೆಳಗ್ಗೆ ಒಂಬತ್ತಕ್ಕೆ ಮನೆಯವರೆಲ್ಲ ಹೊರಟರೆ ಸಂಜೆ ತನಕ ನೊಣ ಹೊಡೆಯಬೇಕು. ಸೊಪ್ಪು ಬೆಳಗ್ಗೆ ತಂದರೆ ಸಂಜೆಗೆ ಬಾಡುತ್ತದೆ, ಮಾರಾಟ ಆಗದ್ದೆಲ್ಲ ನಷ್ಟ. ಐಸ್‌ಕ್ರೀಮ್ ಬಾಡಲ್ಲ. ಅದಕ್ಕೇ ಹತ್ತು ಥರ. ಅಲ್ಲಿನ ಅಂಗಡಿಯವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಲೇಔಟಿನ ನಕ್ಷೆ ಬರೆದಿದ್ದೆ. ಊರು ಬೇಡ. ಅಂಗಡಿಗಳೆಲ್ಲ ಪ್ರವೇಶದ ಹತ್ತಿರ ಒಂದೇ ಸಾಲಿನಲ್ಲಿ, ನೋಡಲು ಅಚ್ಚುಕಟ್ಟು. ಮನೆಗಳ ಮಧ್ಯೆ ಒಂದೂ ಇಲ್ಲ. ಅಮೆರಿಕದ ಯೋಜಕ ಕ್ಲಾರೆನ್ಸ್ ಪೆರ್ರಿ 1929ರಲ್ಲಿ ‘ನೆರೆಹೊರೆ’ಗೆ ಒಂದು ಮಾದರಿ ಕೊಟ್ಟಿದ್ದರು, ಮಧ್ಯದಲ್ಲಿ ಶಾಲೆ, ಅಂಚಿನಲ್ಲಿ ದೊಡ್ಡ ರಸ್ತೆ ಸೇರುವ ಕಡೆ ಅಂಗಡಿ, ಎಲ್ಲರಿಗೂ ಶಾಲೆ ಕಾಲು ಮೈಲಿ ಆಸುಪಾಸು. ಕಾಲೇಜಿನಲ್ಲಿ ಕಲಿತಿದ್ದನ್ನು ಹಾಗೇ ಇಳಿಸಿದ್ದೆ. ಹತ್ತು ವರ್ಷ ಬಿಟ್ಟು ಹೋಗಿ ನೋಡಿದರೆ ಆ ಸಾಲಿನಲ್ಲಿ ರಿಯಲ್ ಎಸ್ಟೇಟ್ ಆಫೀಸು, ಜೆರಾಕ್ಸ್, ನಾಯಿ ಡಾಕ್ಟರು. ದಿನಸಿ, ಹಾಲು, ಸೊಪ್ಪು ಎಲ್ಲಾ ಮೂರನೇ ಕ್ರಾಸಿನ ಒಂದು ಮನೆಯ ಕಾರ್ ಶೆಡ್ಡಿನಲ್ಲಿ. ನಾನು ಬರೆದ ನಕ್ಷೆಯ ಪ್ರಕಾರ ಆ ಶೆಡ್ಡು ಅಕ್ರಮ. ಅಲ್ಲೇ ಒಂದು ಕಟ್ಟು ಪುದೀನ ತಗೊಂಡು ಬಂದೆ.

ಜಯನಗರವನ್ನೇ ನೋಡಿ. 1948ರಲ್ಲಿ ಅಡಿಗಲ್ಲು ಬಿದ್ದ ಬಡಾವಣೆ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಊರಿಡೀ ಬರುತ್ತಾರೆ, ಬಟ್ಟೆಗೆ, ಹಬ್ಬದ ಸಾಮಾನಿಗೆ. ಆದರೆ ಅಲ್ಲಿ ವಾಸ ಇರುವವರು ಮರೆತ ಜೀರಿಗೆಗೆ ನಾಲ್ಕನೇ ಬ್ಲಾಕಿಗೆ ಹೋಗುವುದಿಲ್ಲ. ಮನೆ ಮುಂದೆ ಷಟರ್ ಹಾಕಿಕೊಂಡ ಅಂಗಡಿಗೆ ಹೋಗುತ್ತಾರೆ. ತಿಂಗಳ ಸಾಮಾನಿಗೆ ಒಂದು ಥರದ ಅಂಗಡಿ ಬೇಕು, ಮರೆತ ಸಾಮಾನಿಗೆ ಇನ್ನೊಂದು ಥರದ್ದು. ಮೊದಲನೆಯದಕ್ಕೆ ಬೆಲೆ ಮುಖ್ಯ, ಎರಡನೆಯದಕ್ಕೆ ಹತ್ತಿರ ಮುಖ್ಯ. ಯೋಜನೆ ಮಾಡುವ ನಾವು ಮೊದಲನೆಯದನ್ನು ಮಾತ್ರ ನಕ್ಷೆಯಲ್ಲಿ ಬರೆಯುತ್ತೇವೆ, ಎರಡನೆಯದು ತಾನೇ ಹುಟ್ಟಿಕೊಳ್ಳುತ್ತದೆ. ಹುಟ್ಟಲು ಜಾಗ ಬಿಟ್ಟಿದ್ದರೆ. ‘ವಸತಿ ಬೀದಿಯಲ್ಲಿ ವ್ಯಾಪಾರ ಬೇಡ’ ಅಂತ ಸಂಘದವರು ಗಲಾಟೆ ಮಾಡುವಾಗ ಅವರ ಮನಸ್ಸಿನಲ್ಲಿರುವುದು ಪಬ್ಬು, ಅದರ ಪಾರ್ಕಿಂಗು, ರಾತ್ರಿಯ ಗದ್ದಲ. ಅದು ನ್ಯಾಯವೇ. ಆದರೆ ಆ ಜಗಳದ ಮಧ್ಯೆ ಹಾಲಿನ ಅಂಗಡಿಯೂ ಏಟು ತಿನ್ನುತ್ತದೆ.

ಇನ್ನು ಸರ್ಜಾಪುರ ರಸ್ತೆ ಕಡೆ ಹೀಗೇಕೆ ಆಯಿತು ಅನ್ನುವುದು. ಅಲ್ಲಿ ಯಾರೂ ಕೂತು ಚೌಕಳಿ ಹಾಕಲಿಲ್ಲ. ಹೊಲಗದ್ದೆ ಇದ್ದ ಜಾಗ. ಒಂದೊಂದು ಸರ್ವೆ ನಂಬರ್ ಒಂದೊಂದು ಕಾಲದಲ್ಲಿ ಒಬ್ಬೊಬ್ಬರಿಗೆ ಮಾರಾಟವಾಯಿತು. ಕೊಂಡವರು ತಮ್ಮ ಸರ್ವೆ ನಂಬರಿನ ಗಡಿಗೆ ಗೋಡೆ ಕಟ್ಟಿದರು. ಪಕ್ಕದವರು ಅವರದಕ್ಕೆ. ಒಂದು ಗೋಡೆಗೂ ಇನ್ನೊಂದು ಗೋಡೆಗೂ ಮಧ್ಯೆ ದಾರಿ ಬಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ಬಿಟ್ಟರೆ ಅವರದ್ದೇ ಚದರಡಿ ಹೋಗುತ್ತಲ್ಲ. ಹಾಗಾಗಿ ಎಲ್ಲ ಗೇಟುಗಳೂ ಒಂದೇ ದೊಡ್ಡ ರಸ್ತೆಗೆ ಬಾಯಿ ಬಿಟ್ಟುಕೊಂಡವು. ಅಡ್ರೆಸ್ಸಿನಲ್ಲೂ ಮೇನ್-ಕ್ರಾಸ್ ಮಾಯ. ಇಂಥ ಅಪಾರ್ಟ್‌ಮೆಂಟ್ ಪಕ್ಕ, ಇಂಥ ಸ್ಕೂಲ್ ಹಿಂದೆ.

ಆದರೆ ನಿಮ್ಮ ಹಿಂದಿರುವ ಹಳ್ಳಿಯ ಬೀದಿಯಲ್ಲಿ ಅಂಗಡಿಗಳು ಗಿಜಿಗುಡುತ್ತಿವೆ, ಗಮನಿಸಿದ್ದೀರಾ? ಅದು ಗ್ರಾಮಠಾಣಾ, ಊರಿನ ಹಳೇ ಮನೆಗಳಿದ್ದ ಜಾಗ. ಬೆಳ್ಳಂದೂರು, ಹರಳೂರು, ಕಸವನಹಳ್ಳಿ, ಎಲ್ಲ ಕಡೆ ಇದೇ ಕತೆ. ಚಿಕ್ಕ ಚಿಕ್ಕ ಜಾಗ, ಗೋಡೆಗೆ ಗೋಡೆ ತಾಗಿದ ಮನೆ, ಕೆಳಗೆ ಅಂಗಡಿ ಮೇಲೆ ಬಾಡಿಗೆ. ಒಂದು ಅಂಗಡಿ ತೆರೆಯಲು ಹತ್ತಡಿ ಅಗಲದ ಜಾಗ ಸಾಕು. ಬೆಂಗಳೂರಿನ ಹೊರವಲಯದಲ್ಲಿ ಮನೆ ಹುಡುಕುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಮಾಲ್ ಎಷ್ಟು ದೂರ ಅಂತ ಕೇಳಬೇಡಿ. ಹಳೇ ಊರು ಎಲ್ಲಿದೆ, ಅಲ್ಲಿಗೆ ಕಾಲುದಾರಿ ಇದೆಯಾ, ಅದನ್ನು ಕೇಳಿ.

ಈಗ ನಿಮ್ಮ ಮನೆಯವರ ಮಾತು, ಆ್ಯಪ್. ನಾನೇನು ಅದರ ವಿರೋಧಿ ಅಲ್ಲ. ಮಳೆ ಸುರಿಯುತ್ತಿದ್ದಾಗ, ರಾತ್ರಿ ಹನ್ನೊಂದಕ್ಕೆ ಮಗುವಿಗೆ ಡಯಾಪರ್ ಮುಗಿದಾಗ, ವಯಸ್ಸಾದವರು ಒಬ್ಬರೇ ಇದ್ದಾಗ ಅದಕ್ಕೆ ಸಾಟಿ ಇಲ್ಲ. ಬೆಂಗಳೂರಿನಲ್ಲಿ ಇನ್‌ಸ್ಟಾಮಾರ್ಟ್ 2020ರಲ್ಲಿ ಶುರುವಾಯಿತು, ಮರುವರ್ಷ ಜೆಪ್ಟೊ ಹುಟ್ಟಿತು, ಗ್ರೋಫರ್ಸ್ ಹೆಸರು ಬದಲಿಸಿ ಬ್ಲಿಂಕಿಟ್ ಆಯಿತು. ಇವರ ವೇಗದ ಗುಟ್ಟು ಬೈಕಿನಲ್ಲಿಲ್ಲ. ಗಿರಾಕಿಗಳನ್ನು ಒಳಗೆ ಬಿಡದ ಚಿಕ್ಕ ಗೋಡೌನುಗಳನ್ನು ಊರ ತುಂಬ ಹತ್ತಿರ ಹತ್ತಿರ ಇಟ್ಟಿದ್ದಾರೆ. ಬೈಕ್ ಹೋಗಬೇಕಾದದ್ದು ಒಂದೆರಡು ಕಿಲೋಮೀಟರ್ ಅಷ್ಟೇ. ಅಂದರೆ ಅವರು ಮಾಡಿದ್ದೂ ಮೂಲೆ ಅಂಗಡಿಯ ಉಪಾಯವನ್ನೇ, ಹತ್ತಿರ ಇರುವುದು.

ಆದರೆ ನಿಮ್ಮ ಸುತ್ತು ಅವರನ್ನೂ ಬಿಡಲಿಲ್ಲ. ಬೈಕ್ ಗೇಟಿಗೆ ಬಂದ ಮೇಲೆ ನಡೆಯುವುದನ್ನು ಒಮ್ಮೆ ನೋಡಿ. ವಾಚ್‌ಮನ್ ಎಂಟ್ರಿ ಮಾಡಬೇಕು, ನಿಮ್ಮ ಫೋನಿಗೆ ಒಪ್ಪಿಗೆ ಕೇಳಿ ಬರಬೇಕು. ಆಮೇಲೆ ಆ ಹುಡುಗ 300 ಮೀಟರ್ ಒಳಗೆ ಬಂದು ಸರ್ವಿಸ್ ಲಿಫ್ಟಿಗೆ ಕಾಯಬೇಕು. ಹತ್ತು ನಿಮಿಷದಲ್ಲಿ ಎಷ್ಟೋ ಭಾಗ ನಿಮ್ಮ ಕಾಂಪೌಂಡಿನಲ್ಲೇ ಕರಗುತ್ತದೆ. ಇನ್ನೊಂದು, ಹತ್ತು ರೂಪಾಯಿ ಸೊಪ್ಪಿಗೆ ಆ ಶುಲ್ಕ ಈ ಶುಲ್ಕ ಕೊಡಲು ಮನಸ್ಸು ಬರಲ್ಲ. ಶುಲ್ಕ ಉಳಿಸಲು ಇನ್ನೂರು ರೂಪಾಯಿಯ ಬೇಡದ್ದೆಲ್ಲ ಸೇರಿಸುತ್ತೇವೆ. ನಮ್ಮ ಮನೆಯಲ್ಲಿ ಈಗ ಮೂರು ಪ್ಯಾಕೆಟ್ ಓಟ್ಸ್ ಇದೆ. ತಿನ್ನುವವರು ಯಾರೂ ಇಲ್ಲ.

ಇನ್ನೊಂದು ಲೆಕ್ಕವನ್ನು ಯಾವ ಆ್ಯಪೂ ತೋರಿಸಲ್ಲ. ತಿಂಗಳ ಸಾಮಾನು ಸೂಪರ್ ಮಾರ್ಕೆಟ್ಟಿಗೆ ಹೋಗಿ ಬಹಳ ಕಾಲವಾಯಿತು. ಮೂಲೆ ಅಂಗಡಿಗೆ ಉಳಿದಿದ್ದು ಮರೆತ ಸಾಮಾನಿನ ವ್ಯಾಪಾರ. ಈಗ ಅದೂ ಹೋದರೆ ಷಟರ್ ಇಳಿಯುತ್ತದೆ. ಸರ್ವರ್ ಕೆಟ್ಟ ದಿನ, ಹುಡುಗರು ಸಿಗದ ಹಬ್ಬದ ದಿನ, ರಸ್ತೆಯಲ್ಲಿ ಮೊಣಕಾಲು ನೀರು ನಿಂತ ದಿನ ನಮಗೆ ಆ ಅಂಗಡಿ ನೆನಪಾಗುತ್ತದೆ. ಬೆಳ್ಳಂದೂರು ಕಡೆಯವರಿಗೆ ಮಳೆನೀರಿನ ಬಗ್ಗೆ ನಾನು ಹೇಳುವುದೇನಿದೆ.

ಗಾಡಿ ತೆಗೆದುಕೊಂಡು ಹೋಗುತ್ತೇನೆ ಅನ್ನುವವರಿಗೆ ಒಂದೇ ಮಾತು. ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರಿಗೆ ಸರಾಸರಿ 34 ನಿಮಿಷ. ಅದು ಚಕ್ರ ಉರುಳುವ ಸಮಯ. ಬೇಸ್‌ಮೆಂಟಿಗೆ ಇಳಿಯುವುದು, ಯೂ ಟರ್ನ್ ಹುಡುಕುವುದು, ಅಂಗಡಿ ಮುಂದೆ ನಿಲ್ಲಿಸಲು ಜಾಗ ಹುಡುಕುವುದು ಬೇರೆ. ಒಂದು ಕಿಲೋಮೀಟರಿನೊಳಗೆ ಕಾರು ಕಾಲನ್ನು ಗೆಲ್ಲುವುದು ಕಷ್ಟ. ಸ್ಕೂಟರ್ ಗೆಲ್ಲಬಹುದು, ಒಪ್ಪುತ್ತೇನೆ.

ನಿಮ್ಮ ಅತ್ತೆಯವರ ವಿಷಯವೇ ಬೇರೆ, ನನಗೆ ಇಡೀ ಪತ್ರದಲ್ಲಿ ಚುಚ್ಚಿದ್ದು ಅದು. ಅವರ ನಡಿಗೆ ನಿಮಿಷಕ್ಕೆ 50 ಮೀಟರ್ ಅಂದುಕೊಂಡರೆ 900 ಮೀಟರಿಗೆ 18 ನಿಮಿಷ. ಲಿಫ್ಟು, ಅಂಗಡಿ ಎಲ್ಲಾ ಸೇರಿ ಹೋಗಿ ಬರಲು ಮುಕ್ಕಾಲು ಗಂಟೆ ಹತ್ತಿರ. ಮಧ್ಯೆ ಕೂರಲು ಒಂದು ಕಟ್ಟೆಯೂ ಇಲ್ಲ. ಅದರಲ್ಲಿ 250 ಮೀಟರ್ ದೊಡ್ಡ ರಸ್ತೆಯ ಅಂಚಿನಲ್ಲಿ. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಅಂತ ನಮ್ಮ ದೇಶದ ರಸ್ತೆ ಮಾನದಂಡವೇ ಹೇಳುತ್ತದೆ. ಬೀದಿಯಲ್ಲಿ ಅದು ಮೊಣಕಾಲೆತ್ತರ ಇರುತ್ತದೆ, ಹತ್ತು ಹೆಜ್ಜೆಗೊಮ್ಮೆ ಇಳಿದು ಹತ್ತಬೇಕು, ಮಧ್ಯೆ ಟ್ರಾನ್ಸ್‌ಫಾರ್ಮರ್. ಜಪಾನಿನ ಕೃಷಿ ಇಲಾಖೆ 65 ದಾಟಿದವರಿಗೆ ಅಂಗಡಿ 500 ಮೀಟರಿಗಿಂತ ದೂರ ಇದ್ದು, ಕಾರು ಬಳಸಲೂ ಆಗದಿದ್ದರೆ ಅವರನ್ನು ‘ಆಹಾರ ಕೊಳ್ಳಲು ಕಷ್ಟ ಇರುವವರು’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದೇ 500 ಮೀಟರನ್ನು ಸೊಪ್ಪಿನ ಅಂಗಡಿಗೆ ನಡೆಯುವ ದಾರಿಯಲ್ಲಿ ಅಳೆದರೆ, ಸರ್ಜಾಪುರ ರಸ್ತೆಯ ದುಬಾರಿ ಫ್ಲ್ಯಾಟಿನಲ್ಲಿರುವ ನಿಮ್ಮ ಅತ್ತೆಯವರೂ ಆ ಪಟ್ಟಿಯ ಹತ್ತಿರ ಬರುತ್ತಾರೆ. ಅವರು ಬಸವನಗುಡಿಯಲ್ಲಿ ದಿನಾ ಅಂಗಡಿಗೆ ಹೋಗುತ್ತಿದ್ದದ್ದು ಬರೀ ಸೊಪ್ಪಿಗಾಗಿ ಇರಲಿಕ್ಕಿಲ್ಲ. ನಾಲ್ಕು ಮಾತು, ಸ್ವಲ್ಪ ಚೌಕಾಸಿ, ಕೊನೆಗೆ ‘ಸ್ವಲ್ಪ ಕೊಸರು ಹಾಕಪ್ಪ’ ಅಂತ ಎರಡೆಸಳು ಕರಿಬೇವು. ಇದು ಆ್ಯಪಿನಲ್ಲಿ ಬರಲ್ಲ.

ಎಲ್ಲರೂ ಒಂದೇ ಥರ ಬದುಕಬೇಕು ಅಂತ ಇಲ್ಲ. ನಮ್ಮ ಮಲೆನಾಡಿನ ಒಂಟಿ ಮನೆಗಳಲ್ಲಿ ಅಂಗಡಿ ಮೈಲಿಗಟ್ಟಲೆ ದೂರ, ಸಂತೆ ವಾರಕ್ಕೊಂದು ದಿನ. ಅಲ್ಲಿ ಮರೆತರೆ ಹೋಗಿ ತರುವ ಮಾತೇ ಇಲ್ಲ. ಹುಣಸೆ ಇಲ್ಲದಿದ್ದರೆ ವಾಟೆಹುಳಿ, ಅದೂ ಇಲ್ಲದಿದ್ದರೆ ಮುರುಗಲು. ಅಡುಗೆಯೇ ಬದಲಾಗುತ್ತದೆ. ಅಮೆರಿಕದ ಉಪನಗರಗಳಲ್ಲಿರುವ ಕನ್ನಡದವರೂ ಒಂಥರಾ ಹೀಗೇ. ಅಂಗಡಿಗೆ ಕಾರೇ ಗತಿ, ಅದಕ್ಕೆ ಗ್ಯಾರೇಜಿನಲ್ಲಿ ಎರಡನೇ ಫ್ರಿಜ್, ಕುಂಡದಲ್ಲಿ ಕರಿಬೇವಿನ ಗಿಡ. ಚಳಿಗಾಲ ಬಂತು ಅಂದರೆ ಆ ಗಿಡವನ್ನು ಮಗುವಿನ ಹಾಗೆ ಎತ್ತಿಕೊಂಡು ಒಳಗೆ ತರುತ್ತಾರೆ. ಆದರೆ ಬಾಲ್ಕನಿಯಿಂದ ಅಂಗಡಿ ಕಾಣುವ ನೀವು ಹೀಗೆ ಬದುಕಬೇಕಾಗಿಲ್ಲ.

ನೀವು ಈಗಲೇ ಮಾಡಬಹುದಾದ ಕೆಲಸ ಒಂದಿದೆ, ಹಿಂದಿನ ಗೋಡೆಯಲ್ಲಿ ಒಂದು ಚಿಕ್ಕ ಗೇಟು. ಗಾಡಿಗಲ್ಲ, ಬರೀ ಕಾಲ್ನಡಿಗೆಗೆ, ಮೂರೂವರೆ ಅಡಿ ಅಗಲದ್ದು. ಅದಾದರೆ ನಿಮ್ಮ 900 ಮೀಟರ್ 300ಕ್ಕೆ ಇಳಿಯುತ್ತದೆ. ನಾಲ್ಕು ನಿಮಿಷ. ಹೋಗಿ ಬಂದರೆ ಹದಿನಾರು ನಿಮಿಷ ಉಳಿತಾಯ, ದೊಡ್ಡ ರಸ್ತೆಯ ಕಾಟವೂ ಇಲ್ಲ. ಅತ್ತೆಯವರಿಗೆ ಆರು ನಿಮಿಷದ ನಡಿಗೆ. ಸಂಘದ ಸಭೆಯಲ್ಲಿ ‘ಸೆಕ್ಯೂರಿಟಿ’ ಅಂತ ಎಲ್ಲರೂ ಎದ್ದು ನಿಲ್ಲುತ್ತಾರೆ, ಅದು ಗ್ಯಾರಂಟಿ. ಶಾಶ್ವತವಾಗಿ ಕೇಳಬೇಡಿ, ಮೂರು ತಿಂಗಳ ಪ್ರಯೋಗ ಅಂತ ಕೇಳಿ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರ ತನಕ ಒಬ್ಬ ಗಾರ್ಡ್, ಅಥವಾ ಕಾರ್ಡ್ ಹಾಕಿದರೆ ತೆರೆಯುವ ಬೀಗ. ಸಭೆಯಲ್ಲಿ ನೀವೊಬ್ಬರೇ ಮಾತಾಡಬೇಡಿ. ಮನೆಗೆಲಸಕ್ಕೆ ಬರುವವರಲ್ಲಿ ಎಷ್ಟು ಜನ ಆ ಹಳ್ಳಿಯಿಂದಲೇ ಬರುತ್ತಾರೆ ಕೇಳಿ ನೋಡಿ. ಅವರೂ ದಿನಾ ಅದೇ 900 ಮೀಟರ್ ಸುತ್ತುತ್ತಿದ್ದಾರೆ. ‘ಕೆಲಸದವರು ಲೇಟು’ ಅಂತ ಗೊಣಗುವ ಮನೆಗಳೆಲ್ಲ ನಿಮ್ಮ ಪಕ್ಷಕ್ಕೆ ಬರುತ್ತವೆ.

ಗೇಟು ಆಗುವ ತನಕ ತಳ್ಳುಗಾಡಿ. ನನ್ನ ಪ್ರಕಾರ ಎಲ್ಲಕ್ಕಿಂತ ವೇಗದ ಅಂಗಡಿ ಅದೇ, ಯಾಕೆಂದರೆ ನಡೆಯುವುದು ಅಂಗಡಿ, ನೀವಲ್ಲ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಿಂದ ಕೇಂದ್ರದ ಕಾಯ್ದೆಯೇ ಇದೆ. ಆದರೆ ಗೇಟಿನೊಳಗೆ ಬಿಡುವುದು ಬಿಡದಿರುವುದು ನಿಮ್ಮ ಸಂಘದ ಕೈಯಲ್ಲಿ. ಹಳ್ಳಿಯ ಸೊಪ್ಪಿನವರನ್ನು ವಾರಕ್ಕೆ ಮೂರು ಬೆಳಗ್ಗೆ ಒಂದು ಗಂಟೆ ಒಳಗೆ ಬಿಟ್ಟರೂ ಸಾಕು. ಪಕ್ಕದ ಮನೆಯ ಕೈಗಡ ಇನ್ನೂ ವೇಗ, ಆದರೆ ಅದಕ್ಕೆ ಮೊದಲು ಪಕ್ಕದ ಮನೆಯವರ ಪರಿಚಯ ಇರಬೇಕು. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು ಕೇಳಬೇಡಿ, ಕೆಲವರು ಕೊಡಲ್ಲ.

ಹೊಸ ಫ್ಲ್ಯಾಟ್ ನೋಡುವಾಗ ಬ್ರೋಷರ್ ಮಡಿಸಿ ಚೀಲಕ್ಕೆ ಹಾಕಿ. ವಾರದ ಮಧ್ಯೆ ಒಂದು ದಿನ ಸಂಜೆ ಏಳಕ್ಕೆ ಹೋಗಿ. ಭಾನುವಾರ ಬೆಳಗ್ಗೆ ಬೇಡ, ಭಾನುವಾರ ಬೆಳಗ್ಗೆ ಬೆಂಗಳೂರಿನಲ್ಲಿ ಎಲ್ಲಾ ಹತ್ತಿರ. ಕೊಳ್ಳಬೇಕೆಂದಿರುವ ಫ್ಲ್ಯಾಟಿನ ಬಾಗಿಲಲ್ಲಿ ನಿಂತು ಫೋನಿನ ಟೈಮರ್ ಒತ್ತಿ. ನಡೆದೇ ಹೋಗಿ ಒಂದು ಕಟ್ಟು ಕೊತ್ತಂಬರಿ ತಗೊಂಡು ಅದೇ ಬಾಗಿಲಿಗೆ ವಾಪಸ್ ಬನ್ನಿ. ಹದಿನೈದು ನಿಮಿಷದೊಳಗಾದರೆ ಚೆನ್ನ. ಇಪ್ಪತ್ತೈದು ದಾಟಿದರೆ ಆ ಮನೆಗೆ ಚೌಕಾಸಿ ಮಾಡಿ, ಅಥವಾ ಬಿಡಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರ ಸಮಯವೇ ನಿಜವಾದ ಸಮಯ. ದಾರಿಯಲ್ಲಿ ಇನ್ನೊಂದು ನೋಡಿ. ಆ ಅಂಗಡಿಯಲ್ಲಿ ಸೊಪ್ಪು ತಾಜಾ ಇದೆಯಾ? ಇದ್ದರೆ ಅಲ್ಲಿ ವ್ಯಾಪಾರ ಚೆನ್ನಾಗಿದೆ, ಅಂಗಡಿ ಇನ್ನೂ ಕೆಲವು ವರ್ಷ ಇರುತ್ತದೆ. ಬಾಡಿದ ಸೊಪ್ಪು, ಧೂಳು ಹಿಡಿದ ಬಿಸ್ಕೆಟ್ ಪೊಟ್ಟಣ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೊನೆಯದಾಗಿ ನಿಮ್ಮ ಹಿಂದಿನ ಗೋಡೆಯ ಬಗ್ಗೆಯೇ ಒಂದು ಮಾತು. ಸಭೆಗೆ ಮುಂಚೆ ಆ ಹಳ್ಳಿಯ ಗ್ರಾಮ ನಕಾಶೆ ತೆಗೆಸಿ. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ, ಅದನ್ನು ಇಟ್ಟುಕೊಂಡು ನಕಾಶೆಯಲ್ಲಿ ಹುಡುಕಿ. ಹಳೇ ನಕಾಶೆಗಳಲ್ಲಿ ಬಂಡಿ ದಾರಿ, ಕಾಲುದಾರಿ ಚುಕ್ಕಿ ಗೆರೆಯಲ್ಲಿರುತ್ತವೆ. ಇಂಥ ದಾರಿಗಳ ಮೇಲೆ ಎಷ್ಟೋ ಕಡೆ ಕಾಂಪೌಂಡು ಎದ್ದಿದೆ. ನಿಮ್ಮ ಗೋಡೆಯ ಹತ್ತಿರ ಅಂಥ ಒಂದು ಗೆರೆ ಬಂದು ನಿಂತಿದ್ದರೆ, ನೀವು ಸಭೆಯಲ್ಲಿ ಕೇಳುತ್ತಿರುವುದು ಹೊಸ ಗೇಟನ್ನಲ್ಲ, ಮುಚ್ಚಿಹೋದ ದಾರಿಯನ್ನು. ನಕಾಶೆ ಸಿಕ್ಕಿ, ಗೆರೆ ಅರ್ಥವಾಗದಿದ್ದರೆ ಅದರ ಫೋಟೋ ಜೊತೆ ಮತ್ತೆ ಬರೆಯಿರಿ.